ಸ್ಟ್ಯಾಂಡ್ ಇಳಿಯದ ಸವಾರಿ

ಮಸ್ಕಿಯಿಂದ ಹೊರಟ ಮೊದಲ ಬಸ್ಸು ಸಿಂಧನೂರು ಸೇರುವ ಹೊತ್ತಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರು ಹಾಲು ಕಾಯಿಸುತ್ತಿರುತ್ತಾರೆ. ಅದು ಕಾಯುವಷ್ಟರಲ್ಲಿ, ಆ ಬಸ್ಸಿನಿಂದ ಇಳಿದ ಪಂಪಮ್ಮ ತಮ್ಮ ತಗಡಿನ ಶೆಡ್ಡಿನ ಬೀಗ ತೆಗೆದು, ಕಸ ಹೊಡೆದು, ಕರಿ ರೆಕ್ಸಿನ್ ಸುರುಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೊಣಕಾಲೂರಿ ಕೂತುಬಿಟ್ಟಿರುತ್ತಾರೆ. ಬಾಯಲ್ಲಿ ಸೀಮೆಸುಣ್ಣದ ತುಂಡು, ಕೈಯಲ್ಲಿ ಮೊಳದುದ್ದದ ಕತ್ತರಿ. ಬಿಸಿಲೇರಿದರೆ ರೆಕ್ಸಿನ್ ಹಿಗ್ಗುತ್ತದೆ, ಅಳತೆ ತಪ್ಪುತ್ತದೆ. ಅದಕ್ಕೇ ಕತ್ತರಿಸುವ ಕೆಲಸವೆಲ್ಲ ತಂಪು ಹೊತ್ತಿನಲ್ಲಿ. ಫೋಮಿನ ಮೇಲೆ ಎಳೆದು ಬಿಗಿಯುವುದು ಬಿಸಿಲಿನಲ್ಲಿ. ಸಿಂಧನೂರಿನಲ್ಲಿ ಬಿಸಿಲಿಗೇನು ಬರವೇ?

ನಲವತ್ತೇಳರ ಪಂಪಮ್ಮ ಬೈಕಿನ ಸೀಟು ಹೊಲಿಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ. ದಿನಕ್ಕೆ ನಾಲ್ಕು ಸೀಟು ತಪ್ಪಿದ್ದಲ್ಲ. ಭತ್ತದ ಕೊಯ್ಲು ಮುಗಿದು ಜನರ ಕೈ ಬಿಡುವಾದಾಗ ಎಂಟೊಂಬತ್ತು ಸೀಟುಗಳಾಗುವುದೂ ಉಂಟು. ಸೀಟು ಕೂರಿಸಿದ ಮೇಲೆ ಅವರು ಮಾಡುವ ಕೊನೆಯ ಕೆಲಸವೊಂದಿದೆ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಏರಿಸಿ, ಸೀರೆಯ ನೆರಿಗೆ ಸಾವರಿಸಿಕೊಂಡು, ಅದರ ಮೇಲೆ ಹತ್ತಿ ಕೂರುತ್ತಾರೆ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಮುಂದಕ್ಕೆ ಬಾಗುತ್ತಾರೆ. ಸೊಂಟ ಆಚೀಚೆ ಹೊರಳಿಸಿ ಹೊಲಿಗೆ ಎಲ್ಲಾದರೂ ಚುಚ್ಚುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಇಳಿಯುತ್ತಾರೆ, ಗಾಡಿ ಗಿರಾಕಿಯ ಪಾಲಾಗುತ್ತದೆ.

ಇದು ಅವರಿಗೆ ಕಸುಬು ಕಲಿಸಿದ ಉಸ್ತಾದ್ ದಸ್ತಗೀರ್‌ಸಾಬ್ ಹಾಕಿಕೊಟ್ಟ ಪದ್ಧತಿ. "ಕುಂತು ನೋಡದ ಸೀಟು ಗಿರಾಕಿಗೆ ಕೊಡಬ್ಯಾಡ ಬೇಟಿ ಅಂತಿದ್ರು. ಹೆಣ್ಣುಮಗಳು ಬಜಾರ್‌ನಾಗ ಗಾಡಿ ಹತ್ತಿ ಕುಂದ್ರೂದಂದ್ರ ಜನ ನಗ್ತಾರ್ರೀ ಅಂದೆ. ನಗಲಿ ಬಿಡು, ಸೀಟು ಹರದ್ರ ಬೈತಾರ, ಬೈಗುಳಕಿಂತ ನಗಿ ಚೊಲೊ ಅಂದ್ರು" ಎನ್ನುತ್ತಾರೆ ಪಂಪಮ್ಮ. ಜನ ನಕ್ಕರು, ಸೀಟಮ್ಮ ಎಂದು ಹೆಸರಿಟ್ಟರು, ಆಮೇಲೆ ಅದೂ ಹಳತಾಯಿತು. ಲೆಕ್ಕ ಹಾಕಿದರೆ ಪಂಪಮ್ಮ ಹತ್ತಿ ಕೂತ ಗಾಡಿಗಳು ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ಒಂದೇ ಒಂದು ಗಾಡಿಯೂ ಅವರನ್ನು ಹೊತ್ತು ಒಂದು ಗೇಣು ಮುಂದೆ ಸರಿದಿಲ್ಲ.

ಅವರನ್ನು ಹೊತ್ತು ಓಡಿದ ಗಾಡಿ ಬೇರೆಯೇ ಇದೆ. ಅದು ತವರೂರು ಗೊರೇಬಾಳದಲ್ಲಿದ್ದ ಅಣ್ಣ ಹಂಪಣ್ಣನ ಹಳೇ ಎಜ್ಡಿ ಬೈಕು.

ಆಗೆಲ್ಲ ಕಾಲುವೆಯಲ್ಲಿ ಇನ್ನೂ ನೀರಿರುವಾಗಲೇ, ಮೊದಲು ಕೊಯ್ಲಾಗಿ ಒಣಗಿದ ಭತ್ತದ ಗದ್ದೆಗಳ ಮೇಲೆ ಹುಡುಗರು ಬೈಕ್ ಓಡಿಸುವ ಪಂದ್ಯ ಕಟ್ಟುತ್ತಿದ್ದರು. ಗೆದ್ದವನಿಗೆ ಒಂದು ಟಗರು, ಸೋತವನಿಗೆ ಬಾಯಿತುಂಬ ಧೂಳು. ಎದೆಗೆ ಕಟ್ಟುವ ನಂಬರು ಯೂರಿಯಾ ಚೀಲದ್ದು, ಮೊಣಕೈಗೆ ಕಟ್ಟುವ ಗಾದಿ ಹರಿದ ಸೀಟಿನ ಫೋಮಿನದ್ದು. ಹಂಪಣ್ಣನ ನಂಬರು ಹದಿನೇಳು. ಅದನ್ನು ಹೊಲಿದುಕೊಡುತ್ತಿದ್ದವಳು ತಂಗಿ ಪಂಪಮ್ಮ. ಅಣ್ಣ ಮೋಟುಗೋಡೆಯ ಮೇಲೆ ಆಚೀಚೆ ಕಾಲು ಇಳಿಬಿಟ್ಟು, ಹ್ಯಾಂಡಲ್ ಹಿಡಿದವನ ಹಾಗೆ ಬಾಗಿ ಕೂರಬೇಕು, ತಂಗಿ ಅವನ ಮೈಮೇಲೇ ಬಟ್ಟೆ ಇಟ್ಟು ಗುರುತು ಹಾಕಬೇಕು. ಹೊಲಿಗೆಯ ಮೊದಲ ಪಾಠ ಆದದ್ದು ಹಾಗೆ.

ಹದಿನೈದನೆಯ ವಯಸ್ಸಿನಲ್ಲಿ, ಒಂದು ಮುಂಜಾನೆ, ಪಂಪಮ್ಮ ಯಾರಿಗೂ ಹೇಳದೆ ಆ ಎಜ್ಡಿಗೆ ಕಿಕ್ ಹೊಡೆದರು. ಕಾಲುವೆಯ ದಂಡೆ ಹಿಡಿದು ಜವಳಗೇರಾ ದಿಕ್ಕಿಗೆ ಹೊರಟರು. "ಎಷ್ಟು ದೂರ ಹೋದೆ ಅಂತ ಗೊತ್ತಿಲ್ರಿ. ಎಡಕ್ಕ ನೀರು, ಬಲಕ್ಕ ಹಸರು. ಲಂಗದಾಗ ಗಾಳಿ ಹೊಕ್ಕು ಪಟಪಟ ಬಡ್ಯಾಕತ್ತಿತ್ತು. ನನಗ ನಗಿ ಬಂತು ನೋಡ್ರಿ, ಒಬ್ಬಾಕೇ ಜೋರಾಗಿ ನಗಾಕತ್ತೆ." ಹೇಳುವಾಗ ಈಗಲೂ ಅವರ ಮುಖ ಅರಳುತ್ತದೆ. ತುಸು ಹೊತ್ತಿಗೆ ಬಾಡುತ್ತದೆ. ಅಂದು ಎದುರಿಗೆ ಹೊಲದಿಂದ ಅಪ್ಪ ಬರುತ್ತಿದ್ದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಗಾಡಿಯ ಕೀಲಿ ಕಿತ್ತು ಕಾಲುವೆಗೆ ಎಸೆದು, ಮನೆ ಕಡೆ ನಡೆದರು. ಮಗಳು ಗಾಡಿ ತಳ್ಳಿಕೊಂಡು ಅವರ ಹಿಂದೆ ಬಂದಳು.

ಮರುದಿನವೇ ಪಂದ್ಯವಿತ್ತು. ಸಿಂಧನೂರಿಗೆ ಹೋಗಿ ಬೇರೆ ಕೀಲಿ ಮಾಡಿಸಿ ತರುವಷ್ಟರಲ್ಲಿ ಟಗರು ಇನ್ನೊಬ್ಬನ ಮನೆ ಸೇರಿತ್ತು. "ಅಣ್ಣ ನನಗ ಒಂದ್ ಮಾತ ಅನ್ಲಿಲ್ರಿ. ಅಂದಿದ್ರ ಹಗರ ಆಗ್ತಿತ್ತು" ಎನ್ನುತ್ತಾರೆ. ಮುಂದಿನ ವರ್ಷ ಹಂಪಣ್ಣ ಗಾಡಿ ಮಾರಿದ. ಈಗ ಮುದಗಲ್‌ನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ತಂಗಿ ಮದುವೆಯಾಗಿ ಮಸ್ಕಿಗೆ ಬಂದರು. ಪತಿ ಬಸ್ಸಪ್ಪ ಶಾಲೆಯೊಂದರ ಜವಾನರು. ಒಳ್ಳೆಯ ಮನುಷ್ಯ, ಆದರೆ ಸೈಕಲ್ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ಕಾಲುವೆಯ ಆ ಮುಂಜಾನೆಯಿಂದ ಇಂದಿನವರೆಗೆ ಪಂಪಮ್ಮ ಓಡುವ ಗಾಡಿಯ ಹ್ಯಾಂಡಲ್ ಹಿಡಿದಿಲ್ಲ. ಯಾರೂ ಬೇಡವೆಂದಿಲ್ಲ. ಯಾರೂ ಹಿಡಿ ಎಂದೂ ಇಲ್ಲ.

ದೃಷ್ಟಿ ಮಂದವಾಗುತ್ತಿದ್ದ ದಸ್ತಗೀರ್‌ಸಾಬರ ಬಳಿ ಸೂಜಿಗೆ ದಾರ ಪೋಣಿಸಲು ಸೇರಿದ ಪಂಪಮ್ಮ, ಅವರು ತೀರಿಕೊಂಡ ಮೇಲೆ ಅಂಗಡಿಯನ್ನೇ ನಡೆಸುತ್ತಿದ್ದಾರೆ. ಕಥೆ ಇಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಆದರೆ ಎರಡು ವರ್ಷಗಳ ಹಿಂದೆ, ತವರಿಗೆ ಬಂದಿದ್ದ ಅನುಪಮಾ ಎಂಬವರು ತಮ್ಮ ಸ್ಕೂಟರಿನ ಹರಿದ ಸೀಟು ಹಿಡಿದುಕೊಂಡು ಈ ಶೆಡ್ಡಿಗೆ ಬಂದರು. ಲಿಂಗಸುಗೂರಿನ ಮಾಸ್ತರರ ಮಗಳು, ಹೈದರಾಬಾದಿನಲ್ಲಿ ಹೆಣ್ಣುಮಕ್ಕಳ ಉಡುಪಿನ ಅಂಗಡಿ ನಡೆಸುವವರು. ನಗರದ ಹೆಣ್ಣುಮಕ್ಕಳಿಗೆ ಈಗ ಹಳೇ ಕಾಲದ ಬೈಕ್ ರೇಸಿನವರ ವೇಷದ ಮೇಲೆ ಮನಸ್ಸು. ಎದೆಗೆ ಅಡ್ಡ ಪಟ್ಟಿಯ ಜಾಕೆಟ್ಟು, ಬೆನ್ನಿಗೆ ನಂಬರು, ಬೆರಳಿಲ್ಲದ ಕೈಗವಸು, ಕರಿ ಬಿಳಿ ಚೌಕಳಿ ಅಸ್ತರಿನ ಹೆಗಲಚೀಲ. ಅನುಪಮಾ ಮೊಬೈಲಿನಲ್ಲಿ ತೋರಿಸಿದ ಹಳೇ ರೇಸುಗಾರರ ಚಿತ್ರಗಳನ್ನು ನೋಡಿ ಪಂಪಮ್ಮ ಹೇಳಿದ್ದು ಒಂದೇ ಮಾತು: "ನಮ್ಮಣ್ಣನೂ ಹಿಂಗ ಕುಂದರ್ತಿದ್ದ."

ಸೀಟಿನ ಹೊಲಿಗೆ ಮೆಚ್ಚಿದ ಅನುಪಮಾ ಅಂಥ ಜಾಕೆಟ್ಟು ಹೊಲಿದುಕೊಡಲು ಕೇಳಿದರು. ಪಂಪಮ್ಮ ಸೀಟಿಗೆ ಹಾಕುವ ಸಾಲು ಹೊಲಿಗೆಯನ್ನೇ ಜಾಕೆಟ್ಟಿನ ಹೆಗಲಿಗೆ ಹಾಕಿಕೊಟ್ಟರು. ಉಳಿದ ತುಂಡುಗಳಲ್ಲಿ ಚೀಲವಾಯಿತು, ಮುಂಗೈ ಪಟ್ಟಿಯಾಯಿತು. ಮೊದಲ ಆರು ಜಾಕೆಟ್ಟು ಹೈದರಾಬಾದ್ ಸೇರಿ ವಾರವಾಗಿರಲಿಲ್ಲ, ಅನುಪಮಾ ಅವರ ಫೋನು ಬಂತು. ಹಾಕಿಕೊಂಡವರೆಲ್ಲ ಅನ್ನುವುದು ಒಂದೇ. ಕೈ ಇಳಿಬಿಟ್ಟರೆ ಮೊಣಕೈ ಹತ್ತಿರ ಬಟ್ಟೆ ಉಬ್ಬುತ್ತದೆ, ತೋಳು ಮುಂದಕ್ಕೆ ಚಾಚಿಕೊಳ್ಳುತ್ತದೆ, ಬೆನ್ನು ಉದ್ದವಾಗಿ ಜೋತು ಬೀಳುತ್ತದೆ.

ತಪ್ಪು ಏನೆಂದು ಪಂಪಮ್ಮನಿಗೆ ಕೂಡಲೇ ತಿಳಿಯಿತು. ಅವರು ಆರೂ ಜಾಕೆಟ್ಟನ್ನು ಗಾಡಿ ಮೇಲೆ ಕೂತ ಹೆಣ್ಣಿಗೆ ಹೊಲಿದಿದ್ದರು. ಅವರಿಗೆ ಗೊತ್ತಿದ್ದ ಅಳತೆ ಅದೊಂದೇ. "ನಿಂತವರ ಮೈ ನನಗ ಗೊತ್ತಿಲ್ರಿ. ಗ್ವಾಡಿ ಮ್ಯಾಲೆ ಅಣ್ಣನ್ನ ಕುಂದ್ರಿಸಿ ಕಲ್ತಾಕಿ ನಾ. ಗಾಡಿ ಹೊಡಿಯೋರ ಜಾಕೀಟು ಅಂದ್ರ ಗಾಡಿ ಹೊಡಿತಾರ ಅಂತ ತಿಳಕೊಂಡೆ."

ಯಾರೂ ಗಾಡಿ ಹೊಡೆಯುವುದಿಲ್ಲವೇ ಎಂದು ಅವರು ಕೇಳಿದಾಗ ಅನುಪಮಾ ನಕ್ಕು, "ಹಾಕ್ಕೊಂಡು ಕಾಫಿ ಕುಡ್ಯಾಕ ಹೋಗ್ತಾರ ಪಂಪಕ್ಕ, ಅದೂ ಕಾರ್‌ನಾಗ" ಎಂದಿದ್ದರಂತೆ. ಪಂಪಮ್ಮ ಅಂದಿನಿಂದ ತೋಳು ನೆಟ್ಟಗೆ ಕತ್ತರಿಸುತ್ತಾರೆ. ಕೆಲಸ ಕೊಟ್ಟವರು ಕೇಳಿದಂತೆ ಹೊಲಿಯಬೇಕು, ಅದು ಧರ್ಮ. ಆದರೂ ಒಂದೊಂದು ನೆಟ್ಟನೆ ತೋಳು ಹೊಲಿಯುವಾಗಲೂ ಕೈ ತಡೆಯುತ್ತದೆ ಎನ್ನುತ್ತಾರೆ. ಹೊಲಿದು ಕಳಿಸಿದ ಜಾಕೆಟ್ಟು ನೂರು ದಾಟಿದೆ. ಒಬ್ಬಳಾದರೂ ಅದನ್ನು ಹಾಕಿಕೊಂಡು ಗಾಡಿ ಏರಿದಳೇ? ಪ್ರತಿ ಸಲ ಪಾರ್ಸೆಲ್ ಕಳಿಸುವಾಗ ಈ ಪ್ರಶ್ನೆ ಕೇಳುವುದನ್ನು ಅವರು ಬಿಟ್ಟಿಲ್ಲ.

ಕಳೆದ ತಿಂಗಳು ಇಪ್ಪತ್ನಾಲ್ಕು ಜಾಕೆಟ್ಟಿಗೆ ಸರಿಯಾಗುವಷ್ಟು ಬಟ್ಟೆ ಹೈದರಾಬಾದಿನಿಂದ ಬಂತು. ದಾಳಿಂಬೆ ಕೆಂಪು ಬಣ್ಣ, ಎದೆಗೆ ಬಿಳಿ ಪಟ್ಟಿ. ಪಂಪಮ್ಮ ಇಪ್ಪತ್ಮೂರು ಜಾಕೆಟ್ಟಿನ ತೋಳು ನೆಟ್ಟಗೆ ಕತ್ತರಿಸಿದರು. ಇಪ್ಪತ್ನಾಲ್ಕನೆಯದರ ಮುಂದೆ ಬಹಳ ಹೊತ್ತು ಕತ್ತರಿ ಹಿಡಿದು ಕೂತರು. ಆಮೇಲೆ ತೋಳು ಬಾಗಿಸಿ ಕತ್ತರಿಸಿದರು. ಬೆನ್ನು ಉದ್ದ ಬಿಟ್ಟರು. ಅಳತೆಗೆ ಯಾರನ್ನೂ ಕೂರಿಸಲಿಲ್ಲ, ತಾವೇ ಗಿರಾಕಿಯೊಬ್ಬರ ಗಾಡಿ ಏರಿ ಕೂತು, ಎಡಗೈಯ ಅಳತೆಯನ್ನು ಬಲಗೈಯಿಂದ ತೆಗೆದುಕೊಂಡರು. ಬೆನ್ನಿನ ಮೇಲೆ ಹದಿನೇಳು ಎಂದು ಹೊಲಿದರು.

ಹೇಳದೆ ಇಟ್ಟುಕೊಂಡರೆ ಕಳ್ಳತನ ಎಂದು ಅನಿಸಿ, ಪಾರ್ಸೆಲ್ ಕಟ್ಟುವ ಮೊದಲೇ ಫೋನು ಮಾಡಿದರು. ಆ ಮಾತುಕತೆಯನ್ನು ಅವರು ಅಕ್ಷರ ಬಿಡದೆ ಒಪ್ಪಿಸುತ್ತಾರೆ.

"ಮೇಡಂ, ಒಂದು ಕಡಿಮಿ ಬರ್ತೈತ್ರಿ. ನನ್ನ ಮಜೂರ್ಯಾಗ ಹಿಡಕೋರಿ."

"ಯಾಕ, ಬಟ್ಟಿ ಕೆಟ್ಟತೇನು?"

"ಇಲ್ರಿ. ಅದು ನನಗ ಹೊಲಕೊಂಡೀನಿ. ಡೊಂಕ ತೋಳಿಂದು."

"ನಿಮ್ಮ ಕಡಿ ಗಾಡಿ ಐತೇನು ಪಂಪಕ್ಕ?"

"ಇಲ್ರಿ."

ಅನುಪಮಾ, "ಮಜೂರಿ ಹಿಡಿಯೂದಿಲ್ಲ, ಇಟ್ಕೋರಿ. ಆದ್ರ ನನಗೊಂದು ಫೋಟೋ ಕಳಸಬೇಕು. ಸ್ಟ್ಯಾಂಡ್ ಹಚ್ಚಿದ್ದಲ್ಲ, ಓಡಸೂ ಫೋಟೋ. ಅಂಗಡ್ಯಾಗ ಹಚ್ತೀನಿ" ಎಂದರು.

ಆ ಜಾಕೆಟ್ಟು ಈಗ ಶೆಡ್ಡಿನೊಳಗೆ, ಫೋಮಿನ ಹಾಳೆಗಳ ಹಿಂದೆ, ಮೊಳೆಗೆ ನೇತುಬಿದ್ದಿದೆ. ಫೋಟೋ ಇನ್ನೂ ಹೋಗಿಲ್ಲ. ಭೇಟಿಗೆ ಬಂದವರು ಕೇಳಿದರೆಂದು ಪಂಪಮ್ಮ ಅದನ್ನು ಸೀರೆಯ ಮೇಲೆ ಹಾಕಿಕೊಳ್ಳುತ್ತಾರೆ. ನಿಂತಾಗ ಅದು ನಿಜಕ್ಕೂ ಚೆನ್ನಾಗಿ ಕಾಣುವುದಿಲ್ಲ. ತೋಳು ಉಬ್ಬುತ್ತದೆ, ಬೆನ್ನು ಜೋಲುತ್ತದೆ, ಬೇರೆ ಯಾರದೋ ಬಟ್ಟೆ ಹಾಕಿಕೊಂಡವರಂತೆ ಅವರೇ ಕುಗ್ಗುತ್ತಾರೆ. ಹೊರಗೆ ಜವಳಗೇರಾದ ರೈತ ದೊಡ್ಡಬಸಪ್ಪ ಅವರ ಗಾಡಿ ದೊಡ್ಡ ಸ್ಟ್ಯಾಂಡಿನ ಮೇಲಿದೆ, ಸೀಟು ಈಗಷ್ಟೇ ಬಿಗಿದದ್ದು. ಪಂಪಮ್ಮ ಎಂದಿನಂತೆ ಹತ್ತಿ ಕೂರುತ್ತಾರೆ. ಹ್ಯಾಂಡಲ್‌ಗೆ ಕೈ ಚಾಚುತ್ತಾರೆ, ಬಾಗುತ್ತಾರೆ.

ಉಬ್ಬಿದ್ದ ತೋಳು ಕೈಗುಂಟ ಕೂತುಕೊಳ್ಳುತ್ತದೆ. ಬೆನ್ನು ಸೊಂಟದವರೆಗೆ ಹರಡಿಕೊಳ್ಳುತ್ತದೆ. ಹದಿನೇಳು ಎಂಬ ಅಂಕಿ ಸಪಾಟಾಗಿ ನಿಲ್ಲುತ್ತದೆ.

"ನೋಡ್ರಿ, ಎಲ್ಲೆರ ಒಂದ್ ಸುಕ್ಕ ಐತೇನು?" ತಲೆ ಎತ್ತದೆ ಕೇಳುತ್ತಾರೆ.

ಎಲ್ಲಿಯೂ ಇಲ್ಲ. ಚಹಾ ಕುಡಿಯುತ್ತ ನಿಂತಿದ್ದ ದೊಡ್ಡಬಸಪ್ಪ ಲೋಟ ಕೆಳಗಿಟ್ಟು, ಅಂಗಿ ಜೇಬಿನಿಂದ ಕೀಲಿ ತೆಗೆದು ಚಾಚುತ್ತಾರೆ. "ತಗೋ ಯಕ್ಕಾ, ಒಂದು ರೌಂಡ್ ಹೋಗಿ ಬಾ. ಫೋಟೋ ನಾ ಹೊಡಿತೀನಿ."

ಪಂಪಮ್ಮ ಕೀಲಿ ತೆಗೆದುಕೊಳ್ಳುತ್ತಾರೆ. ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾರೆ, ಅದರ ಭಾರ ತೂಗುವಂತೆ ಒಂದೆರಡು ಸಲ ಕೈ ಆಡಿಸುತ್ತಾರೆ. ರಸ್ತೆಯಲ್ಲಿ ಟ್ರ್ಯಾಕ್ಟರು, ಆಟೊ, ಶಾಲೆಗೆ ಹೋಗುವ ಮಕ್ಕಳು. ನಿಧಾನವಾಗಿ ಕೀಲಿಯನ್ನು ವಾಪಸು ಕೊಡುತ್ತಾರೆ.

"ಇಲ್ಲೆ ಬ್ಯಾಡಪಾ. ಇಲ್ಲೆ ರೌಂಡ್ ಹೊಡದ್ರ ಅದು ಸೀಟು ನೋಡಿದಂಗ ಆತು" ಎನ್ನುತ್ತಾರೆ. ಆಮೇಲೆ ಭೇಟಿಗೆ ಬಂದವರ ಕಡೆ ತಿರುಗಿ, ತುಸು ಸಂಕೋಚದಿಂದ, ಆದರೆ ಎಷ್ಟೋ ದಿನದಿಂದ ಲೆಕ್ಕ ಹಾಕಿಟ್ಟವರ ಹಾಗೆ ಹೇಳುತ್ತಾರೆ: "ಮುದಗಲ್‌ದಿಂದ ಅಣ್ಣ ಬರಬೇಕ್ರಿ. ಅವ ತನ್ನ ಕೈಯಾರೆ ಈ ಗಾಡಿ ಕೀಲಿ ಕೊಡಬೇಕು. ಗೊರೇಬಾಳದಾಗ ಹತ್ತಿ, ಕಾಲವಿ ದಂಡಿ ಹಿಡದು, ಅವತ್ತು ಗಾಡಿ ಎಲ್ಲಿ ನಿಂತಿತ್ತೋ ಅದನ್ನ ದಾಟಿ ಜವಳಗೇರಾದಾಗ ಇವನ ಮನಿ ತನಕ. ಹೋಗೂದಷ್ಟ ಸಾಕ್ರಿ ನನಗ. ಬರೂದು ಬಸ್ಸಿಗೆ ಬರ್ತೀನಿ."