ಫೋನಕ್ಕನ ರಜೆಗೆ ಎರಡು ದೇಶಗಳ ಒಪ್ಪಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಡಿ ಸಂಪರ್ಕ ಕಚೇರಿಯ ಮೆಟ್ಟಿಲು ಹತ್ತುತ್ತಾ ಒಬ್ಬ ಹೆಂಗಸು ಜೋರಾಗಿ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದಾರೆ. "ಬಾಗಿಲು. ಕಿಟಕಿ. ಬೀಗ. ಬಕೆಟ್ಟು. ಇದ್ಯಾರು ಇಲ್ಲಿ ಚಪ್ಪಲಿ ಬಿಟ್ಟಿರೋದು?" ಹೊಸಬರು ನೋಡಿದರೆ ಪಾಪ, ಏನಾಯಿತೋ ಎಂದುಕೊಳ್ಳಬೇಕು. ಆಕೆ ಮಾಡುತ್ತಿರುವುದು ಗಂಟಲಿನ ಸಾಧನೆ. ಎದ್ದ ಮೇಲಿನ ಕರಕರ ದನಿಯಲ್ಲಿ ಮೊದಲ ಮಾತು ಪರದೇಶಕ್ಕೆ ಹೋಗಬಾರದು.

ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆ ಗಡಿಯಾರ. ಮೇಜಿನ ಮೇಲೆ ಅಂಕಿಗಳೇ ಇಲ್ಲದ ಕಪ್ಪು ಫೋನು. ಅಂಕಿ ಒತ್ತುವ ಅಗತ್ಯವೇ ಇಲ್ಲ, ಎತ್ತಿದರೆ ಗಡಿಯಾಚೆ ಇಂಥದೇ ಇನ್ನೊಂದು ಕೋಣೆಯಲ್ಲಿ ಇಂಥದೇ ಇನ್ನೊಂದು ಫೋನು ರಿಂಗಣಿಸುತ್ತದೆ. ಆಕೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ರಿಸೀವರ್ ಒರೆಸುತ್ತಾರೆ, ಎರಡು ಗುಟುಕು ಬೆಚ್ಚಗಿನ ನೀರು ಕುಡಿಯುತ್ತಾರೆ, ಫೋನೆತ್ತಿ ಆಚೆ ದೇಶದ ಭಾಷೆಯಲ್ಲಿ ಹೇಳುತ್ತಾರೆ: ಇದು ಬೆಳಗಿನ ಪರೀಕ್ಷಾ ಕರೆ, ಕೇಳಿಸುತ್ತಿದೆಯೇ? ಆ ಕಡೆಯಿಂದ ಗಂಡು ದನಿಯೊಂದು, ಕೇಳಿಸುತ್ತಿದೆ, ನಿಮಗೆ? ಎನ್ನುತ್ತದೆ. ಕೇಳಿಸುತ್ತಿದೆ, ಎಂದು ಇಡುತ್ತಾರೆ. ಮುಗಿಯಿತು. ಪತ್ರಿಕೆಗೆ ಬರೆಯಲು ಬಂದ ನಾನು ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ ಎರಡು ದೇಶಗಳ ಆ ಬೆಳಗಿನ ರಾಜತಾಂತ್ರಿಕತೆ ಮುಗಿದೇಹೋಗಿದೆ.

ಇಡೀ ಕಚೇರಿ ಇವರನ್ನು ಕರೆಯುವುದು ಫೋನಕ್ಕ ಎಂದು. ಸಂಜೆಯ ಕರೆ ಆ ಕಡೆಯಿಂದ ಬರುತ್ತದೆ, ಆಗ ಅವರು ನಮ್ಮ ಭಾಷೆಯಲ್ಲಿ ಕೇಳುತ್ತಾರೆ. ಇದೆಂಥ ಸಂಪ್ರದಾಯ ಎಂದು ವಿಚಾರಿಸಿದರೆ, ಮೊದಲು ಫೋನು ಮಾಡುವವರು ಯಾರು, ಯಾವ ಭಾಷೆಯಲ್ಲಿ ಎಂಬುದೇ ಹಿಂದೆ ದೊಡ್ಡ ರಗಳೆಯಾಗಿತ್ತಂತೆ. ಮೊದಲು ಮಾಡಿದವರು ತಗ್ಗಿದಂತೆ ಎಂದು ಎರಡೂ ಕಡೆಯ ಹಿರಿಯ ಅಧಿಕಾರಿಗಳು ಪಟ್ಟು ಹಿಡಿದು ಕೂತರು. ಕೊನೆಗೆ ಬೆಳಿಗ್ಗೆ ನಾವು, ಸಂಜೆ ಅವರು, ಮಾಡುವವರು ಎದುರಿನವರ ಭಾಷೆಯಲ್ಲೇ ಮಾಡಬೇಕು ಎಂದು ತೀರ್ಮಾನವಾಯಿತು. ದೇಶಗಳಿಗೂ ನಮ್ಮ ನಿಮ್ಮ ಹಾಗೆಯೇ ಮುಖಭಂಗದ ಹೆದರಿಕೆ.

ಇಷ್ಟಕ್ಕೂ ಈ ಫೋನು ಯಾಕೆ? ಗಡಿಯಲ್ಲಿ ತಪ್ಪಿ ಒಂದು ಗುಂಡು ಹಾರಿದರೆ, ದಾರಿ ತಪ್ಪಿದ ದೋಣಿಯೊಂದು ಆಚೆ ಹೋದರೆ, ಅದು ಬೇಕೆಂದೇ ಮಾಡಿದ್ದಲ್ಲ ಎಂದು ತಕ್ಷಣ ಹೇಳಲು. ಆ ಹೊತ್ತಿನಲ್ಲಿ ತಂತಿ ಕೈಕೊಡಬಾರದಲ್ಲ, ಅದಕ್ಕೇ ದಿನಾ ಈ ಪರೀಕ್ಷೆ. ಬೇರೆ ಮಾತಿಗೆ ಅನುಮತಿ ಇಲ್ಲ. ಹೆಸರು ಕೇಳುವಂತಿಲ್ಲ, ಆರೋಗ್ಯ ವಿಚಾರಿಸುವಂತಿಲ್ಲ. ಆದರೂ ಆ ದನಿಯನ್ನು ಫೋನಕ್ಕ ಆಚೆಯಣ್ಣ ಎನ್ನುತ್ತಾರೆ. "ಎಲ್ಲಾ ಗೊತ್ತಾಗುತ್ತೆ ಕಣ್ರೀ. ಚಳಿ ಬಂತು ಅಂದ್ರೆ ಅವರಿಗೆ ನೆಗಡಿ ಗ್ಯಾರಂಟಿ. ಹೋದ ವರ್ಷ ಒಂದು ವಾರ ಮಾತಲ್ಲೆಲ್ಲ ಸುಯ್ ಅಂತ ಗಾಳಿ. ಹಲ್ಲು ಬಿದ್ದಿರಬೇಕು, ಆಮೇಲೆ ಕಟ್ಟಿಸ್ಕೊಂಡ್ರು ಅಂದ್ಕೊಂಡೆ. ನೋಡಿದ್ದಂತೂ ಇಲ್ಲ. ಎದುರಿಗೆ ಬಂದು ನಿಂತರೂ ಬಾಯಿ ಬಿಡೋವರೆಗೆ ಗುರುತು ಸಿಗಲ್ಲ."

ಈ ಕೆಲಸದಲ್ಲಿ ಖುಷಿಯೂ ಅಪಾಯವೇ. ಒಮ್ಮೆ ಕಸ ಗುಡಿಸುವಾಕೆ ಏನೋ ತಮಾಷೆ ಹೇಳಿ, ಆ ನಗು ಇನ್ನೂ ಬಾಯಲ್ಲಿರುವಾಗಲೇ ಫೋನಕ್ಕ ಕರೆ ಮಾಡಿಬಿಟ್ಟರು. ನಿಮ್ಮ ನಿರ್ವಾಹಕಿ ನಕ್ಕಿದ್ದರ ಅರ್ಥವೇನು ಎಂದು ಆ ಕಡೆಯಿಂದ ವಿಚಾರಣೆಯೇ ಬಂತು. "ಅವತ್ತಿಂದ ದಿನಾ ಒಂದೇ ಥರ. ಮನೇಲಿ ಜಗಳ ಆಗಿದ್ರೂ ಅದೇ ದನಿ, ಹಬ್ಬ ಇದ್ರೂ ಅದೇ ದನಿ." ಇವರ ಯಜಮಾನರು ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ಅವರು ತಲೆಯೆತ್ತದೆ ಹೇಳಿದ್ದು: "ಅಲ್ಲಿ ಅಳೆದು ತೂಗಿ ಎರಡೇ ಮಾತು. ಉಳಿದಿದ್ದೆಲ್ಲ ತಗೊಂಡು ಬಂದು ನನ್ನ ಮೇಲೆ ಸುರೀತಾಳೆ."

ನಾನು ಇಲ್ಲಿಗೆ ಬಂದಾಗ ಫೋನಕ್ಕನ ತಲೆಯಲ್ಲಿ ಇರುವುದು ಒಂದೇ ವಿಷಯ. ಮಗಳಿಗೆ ಹೆರಿಗೆ ಹತ್ತಿರವಾಗಿದೆ. ರಕ್ತದೊತ್ತಡ ಹೆಚ್ಚಿದೆ ಎಂದು ವೈದ್ಯರು ದಿನ ಗೊತ್ತು ಮಾಡಿದ್ದಾರೆ. ಇವರಿಗೆ ಹೋಗಬೇಕು. ಹೋಗಲು ಆಗುತ್ತದೋ ಇಲ್ಲವೋ ಎಂಬುದು ಇಲ್ಲಿನ ಮುಖ್ಯಾಧಿಕಾರಿಯ ಕೈಯಲ್ಲೂ ಇಲ್ಲ. ಅದು ಪರದೇಶದ ಕೈಯಲ್ಲಿದೆ. ಒಬ್ಬ ಫೋನು ನಿರ್ವಾಹಕಿಯ ರಜೆಗೂ ಪರದೇಶಕ್ಕೂ ಎತ್ತಣ ಸಂಬಂಧ ಎಂದು ನಾನೂ ಹುಬ್ಬೇರಿಸಿದೆ.

ವಿಷಯ ಹಳೆಯದು. ಮಗಳಿಗೆ ಆಗ ಹತ್ತು ವರ್ಷವಿರಬಹುದು. ಫೋನಕ್ಕನ ತಾಯಿ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಎರಡು ದೇಶಗಳ ನಡುವೆ ಮಾತು ಬಿಸಿಯಾಗಿದ್ದ ದಿನಗಳು. ಇವರು ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋದರು. ನಿಯಮದ ಪ್ರಕಾರ ಇರಬೇಕಾದ ಎರಡನೇ ನಿರ್ವಾಹಕರ ಹುದ್ದೆ ಆಗಲೂ ಖಾಲಿ, ಮೊನ್ನೆಮೊನ್ನೆಯವರೆಗೂ ಖಾಲಿ. ಹಾಗಾಗಿ ಕಾವಲು ಪಡೆಯ ಸಿಪಾಯಿಯೊಬ್ಬನನ್ನು ಫೋನಿನ ಮುಂದೆ ಕೂರಿಸಿದರು. ಪಾಪ, ಹೇಳಿಕೊಟ್ಟ ವಾಕ್ಯವನ್ನು ಅವನು ಒಂದಕ್ಷರ ತಪ್ಪದೆ ಹೇಳಿದ. ಹೇಳಿದ್ದು ಮಾತ್ರ ಕವಾಯತು ಮೈದಾನದ ದನಿಯಲ್ಲಿ.

ದಿನಾ ಕೇಳುತ್ತಿದ್ದ ಹೆಂಗಸಿನ ದನಿ ಏಕಾಏಕಿ ಮಾಯವಾಗಿ ಸಿಪಾಯಿಯ ದನಿ ಬಂದರೆ ಆ ಕಡೆಯವರು ಏನೆಂದುಕೊಳ್ಳಬೇಕು? ಕೋಣೆ ಸೈನ್ಯದ ವಶವಾಗಿದೆ, ಇವರು ಏನಕ್ಕೋ ಸಜ್ಜಾಗುತ್ತಿದ್ದಾರೆ ಎಂದುಕೊಂಡರು. ಉತ್ತರ ಕೊಡದೆ ಇಟ್ಟರು. ಸಂಜೆಯ ಕರೆ ಮಾಡಲಿಲ್ಲ. ಅವರ ಮೌನ ನೋಡಿ ನಮ್ಮವರಿಗೆ ಜೀವ ಬಾಯಿಗೆ ಬಂತು. ಎಚ್ಚರಿಕೆಗಿರಲಿ ಎಂದು ನಾಲ್ಕು ಲಾರಿ ಜನರನ್ನು ಗಡಿಯ ಹತ್ತಿರ ಕಳಿಸಿದರು. ಲಾರಿಗಳನ್ನು ಕಂಡ ಮೇಲೆ ಅವರ ಅನುಮಾನ ಗಟ್ಟಿಯಾಯಿತು, ಅವರೂ ಕಳಿಸಿದರು. ಬೆಳಗಾಗುವ ಹೊತ್ತಿಗೆ ಇತ್ತ ಇವರು, ಅತ್ತ ಅವರು, ಇಬ್ಬರದೂ ಬೆರಳು ಬಂದೂಕಿನ ಮೇಲೆ.

ಆಗ ಯಾರಿಗೋ ಫೋನಕ್ಕನ ನೆನಪಾಯಿತು. ಜೀಪು ಆಸ್ಪತ್ರೆಗೆ ಓಡಿತು. ಮಗಳನ್ನು ಅಜ್ಜಿಯ ಮಂಚದ ಪಕ್ಕ ಕೂರಿಸಿ ಇವರು ಬಂದರು. "ಫೋನೆತ್ತಿ ದಿನಾ ಹೇಳೋದನ್ನೇ ಹೇಳಿದೆ. ಆ ಕಡೆ ಉಸಿರು ಬಿಟ್ಟಿದ್ದು ಕೇಳಿಸ್ತು. 'ಕೇಳಿಸುತ್ತಿದೆ, ಕೇಳಿಸುತ್ತಿದೆ' ಅಂತ ಎರಡು ಸಲ ಅಂದ್ರು. ಅವರು ನಿಯಮ ಮೀರಿದ್ದು ಅದೊಂದೇ ಸಲ." ಮಧ್ಯಾಹ್ನದ ಹೊತ್ತಿಗೆ ಲಾರಿಗಳು ಹಿಂದಿರುಗಿದವು. ಫೋನಕ್ಕನೂ ಆಸ್ಪತ್ರೆಗೆ ಹಿಂದಿರುಗಿದರು. ಅಷ್ಟರಲ್ಲಿ ತಾಯಿ ತೀರಿಹೋಗಿದ್ದರು.

ಮಗಳು ಇದನ್ನು ನನಗೆ ಹೆರಿಗೆಗೆ ಕೆಲ ದಿನ ಮುಂಚೆ ಹೇಳಿದ್ದು ಹೀಗೆ: "ಅಜ್ಜಿ 'ನಿಮ್ಮಮ್ಮ ಎಲ್ಲೇ' ಅಂದ್ರು. 'ಫೋನ್ ಮಾಡೋಕೆ ಹೋಗಿದಾಳೆ, ಬರ್ತಾಳೆ' ಅಂದೆ. ಅಜ್ಜಿ ಬಾಗಿಲ ಕಡೆನೇ ನೋಡ್ತಾ ಇದ್ರು. ಆವಾಗ ಅಮ್ಮನ ಮೇಲೆ ತುಂಬಾ ಕೋಪ ಇತ್ತು. ಈಗ ಕೋಪ ಇಲ್ಲ, ಈ ಸಲವೂ ಅವಳನ್ನ ಕರೆಸಿಬಿಡ್ತಾರೇನೋ ಅಂತ ಭಯ ಇದೆ."

ಆ ಘಟನೆಯಿಂದ ಕಚೇರಿ ಕಲಿತ ಪಾಠ ಒಂದೇ: ಫೋನಕ್ಕನಿಗೆ ರಜೆ ಕೊಡಬಾರದು. ಅಂದಿನಿಂದ ಇವರು ಒಂದು ರಾತ್ರಿಯೂ ಊರು ಬಿಟ್ಟಿಲ್ಲ. ಮಗಳ ಮದುವೆಯನ್ನು ವಸತಿಗೃಹದ ಅಂಗಳದಲ್ಲೇ, ಬೆಳಗಿನ ಕರೆಗೂ ಸಂಜೆಯ ಕರೆಗೂ ನಡುವೆ ಮುಗಿಸಿದರು. ಬೀಗರು ಮೂಗು ಮುರಿದರಂತೆ.

ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರ ಬಳಿ ಈ ಕಥೆ ಹೇಳಿದೆ. ಅವರು ಕುರ್ಚಿಯ ಅಂಚಿಗೆ ಸರಿದು ಕೂತರು. "ದೇಶಗಳ ತಲೆ ಮೇಲೆ ಹೇಳೋರು ಕೇಳೋರು ಯಾರೂ ಇಲ್ಲ ನೋಡಿ. ಪ್ರತಿಯೊಂದೂ ತನ್ನ ಜೋಪಾನ ತಾನೇ ನೋಡ್ಕೋಬೇಕು. ನೀವು ಕಳ್ಳರ ಭಯಕ್ಕೆ ಕಾಂಪೌಂಡ್ ಎತ್ತರ ಮಾಡ್ತೀರಿ. ಪಕ್ಕದ ಮನೆಯವನು ನನ್ನ ಮೇಲೇ ಏನೋ ಮಸಲತ್ತು ಅಂತ ತನ್ನ ಗೋಡೆ ಮೇಲೆ ಗಾಜು ಚುಚ್ಚುತ್ತಾನೆ. ಅದನ್ನ ನೋಡಿ ನೀವು ನಾಯಿ ತರ್ತೀರಿ. ಕೊನೆಗೆ ಇಬ್ಬರಿಗೂ ನಿದ್ದೆ ಇಲ್ಲ. ಇದನ್ನ ನಾವು ಭದ್ರತೆಯ ಇಕ್ಕಟ್ಟು ಅಂತೀವಿ." ಮದ್ದೇನು ಎಂದರೆ, "ಮುಂಚಿತವಾಗಿ ಹೇಳೋದು. ಯುದ್ಧಾಭ್ಯಾಸ ಮಾಡೋ ದೇಶ ನೆರೆಯವರಿಗೆ ಮೊದಲೇ ತಿಳಿಸುತ್ತೆ. ಅಕ್ಕನವರ ರಜಾನೂ ತಿಳಿಸಿದ್ರೆ ಆಗ್ತಿತ್ತು" ಎಂದರು.

ಇದನ್ನು ಫೋನಕ್ಕನಿಗೆ ಹೇಳಿದೆ. "ಹೌದಾ, ಅದಕ್ಕೆ ಹೆಸರೂ ಇಟ್ಟಿದಾರಾ?" ಎಂದರು. "ಹಾಗಾದ್ರೆ ಬೇರೆ ಕಡೆನೂ ಸುಮಾರು ಸಲ ಆಗಿದೆ ಅನ್ನಿ."

ಈ ಸಲ ಅವರು ಮುಖ್ಯಾಧಿಕಾರಿಗೆ ಖಡಾಖಂಡಿತವಾಗಿ ಹೇಳಿದ್ದಾರೆ: ರಜೆ ಕೊಟ್ಟರೆ ಹೋಗಿಬರುತ್ತೇನೆ, ಕೊಡದಿದ್ದರೆ ಕೆಲಸ ಬಿಟ್ಟು ಹೋಗುತ್ತೇನೆ. ಅಧಿಕಾರಿ ಬೆವರೊರೆಸಿಕೊಂಡು ಮೇಲಿನವರನ್ನು ಕೇಳಿ, ನಮ್ಮ ಕಡೆ ಕೆಲ ದಿನ ಬೇರೆ ದನಿ ಇರುತ್ತದೆ, ಅನ್ಯಥಾ ಭಾವಿಸಬೇಡಿ ಎಂದು ಆಚೆಗೆ ಕಾಗದ ಕಳಿಸಿದ್ದಾರೆ. ಉತ್ತರಕ್ಕಾಗಿ ಫೋನಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಹೆರಿಗೆಯ ದಿನ ತೀರಾ ಹತ್ತಿರ ಬಂದ ಮೇಲೆ ಉತ್ತರ ಬರುತ್ತದೆ: ಹೊಸ ದನಿಯನ್ನು ಹಳೆಯ ದನಿಯ ಜೊತೆಯಲ್ಲೇ ಮೊದಲು ಕೇಳಿಸಬೇಕು.

ಹೊಸ ದನಿ ಎಂದರೆ ರವಾನೆ ವಿಭಾಗದ ಹಿರಿಯ ಗುಮಾಸ್ತೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಕ್ಕ ಪಾಠ ಮಾಡುತ್ತಾರೆ: "ಅಕ್ಕರೆ ತೋರಿಸಬೇಡ. ಗತ್ತೂ ಬೇಡ. ಅಂಗಡಿಯವನ ಹತ್ರ ಬೇಳೆ ಇದೆಯಾ ಅಂತ ಕೇಳೋ ಹಾಗೆ ಕೇಳು." ಮರುದಿನ ಬೆಳಿಗ್ಗೆ ಫೋನಕ್ಕ ತಮ್ಮ ವಾಕ್ಯ ಹೇಳಿ, ಇನ್ನು ಹೊಸ ನಿರ್ವಾಹಕಿ ಮಾತಾಡುತ್ತಾರೆ ಎಂದು ರಿಸೀವರ್ ಕೊಡುತ್ತಾರೆ. ಗುಮಾಸ್ತೆ ಕೇಳುತ್ತಾರೆ. ಆ ಕಡೆ ಸದ್ದಿಲ್ಲ. ಫೋನಕ್ಕ ಮೇಜಿನ ಅಂಚು ಬಿಗಿಯಾಗಿ ಹಿಡಿದಿದ್ದಾರೆ, ಬಾಗಿಲಲ್ಲಿ ನಿಂತ ಅಧಿಕಾರಿ ಮೈಯೆಲ್ಲ ಕಿವಿಯಾಗಿದ್ದಾರೆ. ಆಮೇಲೆ ಆ ದನಿ, ನಿಧಾನವಾಗಿ, ಕೇಳಿಸುತ್ತಿದೆ, ನಿಮಗೆ? ಎನ್ನುತ್ತದೆ. ಅದೇ ಮಧ್ಯಾಹ್ನದ ಬಸ್ಸಿಗೆ ಫೋನಕ್ಕ ಹೊರಡುತ್ತಾರೆ.

ಮುಂದಿನ ವಾರ ನಾನು ಅವರನ್ನು ಮಗಳ ಮನೆಯಲ್ಲಿ ಕಾಣುತ್ತೇನೆ. ತಾಯಿ ಮಗು ಕ್ಷೇಮ, ಹೆಣ್ಣು ಮಗು. ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಹೊರಗಿನ ಮೆಟ್ಟಿಲ ಮೇಲೆ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. "ಮೊದಲ ದಿನ ಮತ್ತೆ ಜೀಪು ಬರುತ್ತೇನೋ ಅಂತ ಕಿವಿಯೆಲ್ಲ ರಸ್ತೆ ಮೇಲೇನೇ. ಹಾಲಿನ ವ್ಯಾನ್ ನಿಂತಿದ್ದಕ್ಕೆ ಎದ್ದು ಚಪ್ಪಲಿ ಹುಡುಕಿದೆ. ಮಗಳು ಮಲಗಿದ ಕಡೆಯಿಂದಲೇ ಬೈದಳು, ಚಪ್ಪಲಿ ಬಚ್ಚಿಡಿಸಿದೀನಿ ಕೂತ್ಕೋ ಅಂತ. ಯಾರೂ ಬರಲಿಲ್ಲ. ಅಲ್ಲಿ ದಿನಾ ಎರಡೂ ಕರೆ ಸರಿಯಾಗಿ ಆಗ್ತಾ ಇದೆಯಂತೆ."

ಮುಂದೆ ಏನಾಸೆ ಎಂದು ಕೇಳುತ್ತೇನೆ. ಸಂಬಳ, ಬಡ್ತಿ, ಒಂದು ಸನ್ಮಾನ ಎಂದೇನಾದರೂ ಹೇಳುತ್ತಾರೆಂದು ನನ್ನ ನಿರೀಕ್ಷೆ. ಅವರು ಮಗುವಿನ ಕಾಲಿಗೆ ಬಟ್ಟೆ ಸರಿಮಾಡುತ್ತಾ ಯೋಚಿಸುತ್ತಾರೆ.

"ಆಚೆಯಣ್ಣನಿಗೂ ಒಂದು ರಜ ಸಿಗಲಿ. ನಾನು ಸೇರಿದಾಗಿಂದ ಅವರು ಒಂದು ದಿನಾನೂ ರಜ ಹಾಕಿದ್ದಿಲ್ಲ. ಅಂದ್ರೆ ಅವರ ಮನೇಲೂ ಯಾರೋ ಬಾಗಿಲು ನೋಡ್ತಾ ಕಾದಿರ್ತಾರೆ ಅಲ್ವಾ? ಅವರ ಕಡೆಯಿಂದ ಹೊಸ ದನಿ ಬರುತ್ತೆ ಅಂತ ಕಾಗದ ಬಂದು, ಆ ದನಿ ಕೇಳಿಸಿದ ದಿನ ನಾನು ಸುಮ್ನೆ ಯೋಚನೆ ಮಾಡ್ತಾ ಕೂರಲ್ಲ. ತಕ್ಷಣ ಕೇಳಿಸುತ್ತಿದೆ ಅಂದುಬಿಡ್ತೀನಿ."