ಧಾರೆ ಮುಗಿಯಲಿ ಎಂದೆ

ಇದನ್ನು ಬರೆಯಬೇಕೆಂದು ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಮಗಳ ಬಾಣಂತನ ಮುಗಿಯಲಿ ಎಂದೆ, ಆಮೇಲೆ ನನ್ನ ಕಣ್ಣಿನ ಆಪರೇಷನ್ ಆಗಲಿ ಎಂದೆ. ಎರಡೂ ಆದವು. ಇನ್ನು ನೆಪ ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೂವತ್ತೊಂದು ವರ್ಷ ಮೈಸೂರಿನ ಛತ್ರಗಳಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟ್ ಮಾಡಿದೆ. ಈ ಘಟನೆ ನಡೆದದ್ದು ನಾಲ್ಕು ವರ್ಷದ ಹಿಂದಿನ ವೈಶಾಖದಲ್ಲಿ, ವಿಜಯನಗರದ ಒಂದು ಛತ್ರದಲ್ಲಿ. ಆರುನೂರು ಎಲೆಯ ಊಟ. ಧಾರೆ ಹತ್ತು ಐವತ್ತಕ್ಕೆ. ನನ್ನ ಕೈಕೆಳಗೆ ಹದಿನಾಲ್ಕು ಜನ. ಸಿಹಿಯ ಜವಾಬ್ದಾರಿ ನಾಗರಾಜನದು. ಐವತ್ತೆರಡು ವಯಸ್ಸು, ಬೋಗಾದಿಯಲ್ಲಿ ಬಾಡಿಗೆ ಮನೆ, ಇಪ್ಪತ್ತು ವರ್ಷದಿಂದ ನನ್ನ ಜೊತೆಗಿದ್ದವನು.

ಮೈಸೂರುಪಾಕನ್ನು ಹಿಂದಿನ ದಿನ ಮಾಡಿಡದೆ ಅಂದೇ ಮಾಡಿ ಬಡಿಸಬೇಕೆಂದು ಹೆಣ್ಣಿನ ಕಡೆಯವರು ಕೇಳಿದ್ದರು. ಬೆಳಿಗ್ಗೆ ಏಳೂವರೆಗೆ ನಾಗರಾಜ ಮೊದಲ ಬಾಣಲೆ ಇಟ್ಟ. ಎಡಗೈಯಲ್ಲಿ ಕಾದ ತುಪ್ಪ ಸುರಿಯುತ್ತ, ಬಲಗೈಯಲ್ಲಿ ಬಿಡದೆ ತಿರುವಬೇಕು. ಕೊನೆಯ ಎರಡು ನಿಮಿಷದಲ್ಲಿ ಕೈ ನಿಂತರೆ ಪಾಕ ಕೆಟ್ಟಿತು.

"ದೂರ ನಿಂತ್ಕೊಳಿ ಭಟ್ರೇ, ನಿಮ್ಮ ಮುಖ ನೋಡಿದ್ರೆ ಪಾಕ ಹೆದರ್ಕೊಂಡು ಕಲ್ಲಾಗ್ಬುಡುತ್ತೆ" ಎಂದು ನಕ್ಕ. ಅವನ ಬಾಯಿಂದ ನಾನು ಕೇಳಿದ ಕೊನೆಯ ಪೂರ್ತಿ ಮಾತು ಅದು.

ಸೌಟು ಜಾರಿ ಬಾಣಲೆಯೊಳಗೆ ಬಿತ್ತು. "ನಿದ್ದೆ ಬಂತೇನೋ?" ಎಂದು ನಾನು ರೇಗಿದೆ. ಅವನು ಏನೋ ಹೇಳಲು ಹೋದ, ಮಾತು ಮುದ್ದೆಯಾಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗಾಲು ಕುಸಿದು ನೆಲಕ್ಕೆ ಕೂತುಬಿಟ್ಟ.

ತರಕಾರಿ ಹೆಚ್ಚುತ್ತಿದ್ದ ಹೆಂಗಸೊಬ್ಬಳು ಈಳಿಗೆಮಣೆ ಬಿಟ್ಟು ಓಡಿಬಂದಳು. ನಲವತ್ತು ದಾಟಿದ ವಿಧವೆ, ಮೂರು ವರ್ಷದಿಂದ ನಮ್ಮಲ್ಲಿದ್ದಳು. ಅವನ ಎರಡು ಕೈಗಳನ್ನೂ ಎತ್ತಿ ಹಿಡಿದು ಬಿಟ್ಟಳು. ಬಲಗೈ ಪಟ್ಟನೆ ಬಿತ್ತು.

"ಲಕ್ವ ಕಣ್ರೀ ಭಟ್ರೇ. ನಮ್ಮಪ್ಪಂಗೂ ಇಂಗೇ ಆಗಿತ್ತು. ಈಗ್ಲೇ ಆಸ್ಪತ್ರೆಗೆ ಸಾಗ್ಸಿ."

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಅಡುಗೆಮನೆಯಲ್ಲಿ ಏನೇ ಆದರೂ ಧಾರೆಗೆ ಮುಂಚೆ ಮಂಟಪದವರಿಗೆ ತಿಳಿಯಬಾರದು. ಕೈ ಸುಟ್ಟುಕೊಂಡವನೂ ಹಲ್ಲು ಕಚ್ಚಿ ಕೂರಬೇಕು. ನನಗೆ ನನ್ನ ಗುರುಗಳು ಹೇಳಿಕೊಟ್ಟದ್ದು, ನಾನು ಹದಿನಾಲ್ಕು ಜನಕ್ಕೆ ಹೇಳಿಕೊಟ್ಟದ್ದು. ಆ ಛತ್ರದ ಹಿಂಬಾಗಿಲು ತೆರೆಯುತ್ತಿದ್ದುದೂ ಚಪ್ಪರದ ಪಕ್ಕಕ್ಕೇ. ಅವನನ್ನು ಹೊತ್ತು ಸಾಗಿಸಿದರೆ ವಾಲಗದವರ ಎದುರೇ ಹೋಗಬೇಕು.

"ನಿನ್ನ ಬಾಯಲ್ಲಿ ಒಳ್ಳೇದು ಬರುತ್ತಾ? ತಾಳಿ ಕಳ್ಕೊಂಡೋಳು ನೀನು. ಧಾರೆ ಮುಗಿಯೋವರೆಗೂ ಆಸ್ಪತ್ರೆ ಅನ್ನೋ ಮಾತು ಎತ್ತಬೇಡ" ಎಂದೆ.

ಅವನನ್ನು ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಹಿಂದೆ ಮಲಗಿಸಿದೆವು. ನಾನು ಬಿಸಿ ಕಾಫಿ ತಂದರೆ ಆಕೆ ಲೋಟ ಕಸಿದುಕೊಂಡಳು. "ಕುಡಿಸ್ಬೇಡಿ, ನೆತ್ತಿಗೇರುತ್ತೆ." ಆಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನೇ ಎರಡನೇ ಬಾಣಲೆ ಇಟ್ಟೆ. ಗಟ್ಟಿಮೇಳ ಕೇಳಿಸಿತು. ಆಗಲೂ ಹೊರಡಲಿಲ್ಲ. ಮೊದಲ ಪಂಕ್ತಿ ಏಳಲಿ ಎಂದೆ. ಸಾಮಾನಿನ ವ್ಯಾನಿನಲ್ಲಿ ಹತ್ತು ನಿಮಿಷದ ದಾರಿಯ ಆಸ್ಪತ್ರೆಗೆ ಹೋದಾಗ ಹನ್ನೆರಡೂವರೆ.

ಸ್ಕ್ಯಾನ್ ಮಾಡಿ ಡಾಕ್ಟರ್ ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಬಲಭಾಗ ಮತ್ತು ಮಾತು ಹೋಗಿವೆ ಎಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡವಾಗಿ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು.

"ಶುರುವಾದಾಗ ಗಂಟೆ ಎಷ್ಟಾಗಿತ್ತು?"

ನಾನು ಲೆಕ್ಕ ಹಾಕಿದೆ. "ಒಂಬತ್ತೂವರೆ" ಎಂದೆ.

ವ್ಯಾನಿನಲ್ಲಿ ನಮ್ಮ ಜೊತೆಗೇ ಬಂದಿದ್ದ ಆ ತರಕಾರಿಯ ಹೆಂಗಸು ಹಿಂದಿನಿಂದ ಮುಂದೆ ಬಂದಳು. "ಇಲ್ಲ ಕಣವ್ವ, ಏಳೂವರೆ. ಇನ್ನೂ ಉಪ್ಪಿಟ್ಟು ಬಡಿಸಿರ್ನಿಲ್ಲ."

ಡಾಕ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಇಂಜೆಕ್ಷನ್ ಕೊಡಲಿಲ್ಲ. ಬೇರೆ ದಾರಿಯನ್ನೂ ಯೋಚಿಸಿದರು, ಆಗಲಿಲ್ಲ.

ಅಷ್ಟರಲ್ಲಿ ನಾಗರಾಜನ ಹೆಂಡತಿ ಗೌರಿ ಓಡಿಬಂದಳು. ಏನಾಯ್ತು ಭಟ್ರೇ ಎಂದು ಅವಳು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇದು: "ಇಂಜೆಕ್ಷನ್ ಕೊಡೋದ್ರಲ್ಲಿದ್ರು ಕಣಮ್ಮ. ಇವಳು ನಡುವೆ ಬಾಯಿ ಹಾಕಿ ತಪ್ಪಿಸಿದ್ಲು."

ಆಕೆ ಗೋಡೆಗೆ ಒರಗಿ ನಿಂತಿದ್ದಳು. "ಅಂಗಂತೀರಾ ಭಟ್ರೇ?" ಎಂದಳು. ಅಷ್ಟೇ.

ಒಂದು ವಾರದಲ್ಲಿ ಈ ಮಾತು ಮೈಸೂರಿನ ಅಡುಗೆಯವರಿಗೆಲ್ಲ ಹಬ್ಬಿತು. ಆಮೇಲೆ ಆಕೆಯನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಹೆಣ್ಣಿನ ತಂದೆಗೆ ಸುದ್ದಿ ತಿಳಿದು ನನಗೆ ಫೋನ್ ಮಾಡಿದ್ದರು. "ಒಂದು ಮಾತು ಹೇಳಬಾರದಿತ್ತೇನ್ರೀ? ನನ್ನ ಕಾರಲ್ಲೇ ಕಳಿಸ್ತಿದ್ದೆನಲ್ಲ!" ಎಂದರು. ನಾನು ಅವರನ್ನು ಕೇಳಿರಲೇ ಇಲ್ಲ.

ನಾಗರಾಜ ಬದುಕಿದ್ದಾನೆ. ಬಲಗೈ ಮಡಿಲಲ್ಲಿ ಮಡಿಸಿಕೊಂಡೇ ಇದೆ. ಎರಡು ವರ್ಷ ಫಿಸಿಯೋಥೆರಪಿ ಮಾಡಿಸಿದರೂ ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟೇ ಶಕ್ತಿ. ಮಾತಿನಲ್ಲಿ ಒಂದೇ ಪದ ಉಳಿದಿದೆ, "ಆಯ್ತು." ಹಸಿವಾದರೂ ಆಯ್ತು, ನೋವಾದರೂ ಆಯ್ತು. ನಾನು ಅವನ ಕಾಲು ಹಿಡಿದು ಎಲ್ಲವನ್ನೂ ಒಪ್ಪಿಕೊಂಡಾಗಲೂ "ಆಯ್ತು, ಆಯ್ತು" ಎಂದ. ಅದನ್ನು ಕ್ಷಮೆ ಎಂದುಕೊಳ್ಳುವಷ್ಟು ದಡ್ಡ ನಾನಲ್ಲ.

ಹಾಗೆ ಒಪ್ಪಿಕೊಂಡ ದಿನವೇ ಗೌರಿಗೂ ನಿಜ ಹೇಳಿದೆ. "ಇಷ್ಟು ದಿನ ಆ ಹೆಂಗ್ಸಿಗೆ ಶಾಪ ಹಾಕಿದ್ನಲ್ಲ ಭಟ್ರೇ, ಅದನ್ನ ಈಗ ಎಂಗೆ ವಾಪಸ್ ತಗೊಳ್ಲಿ?" ಎಂದಳು. ಮತ್ತೆ ಬರಬೇಡಿ ಎಂದೂ ಹೇಳಿದಳು.

ಕಂಟ್ರಾಕ್ಟ್ ಬಿಟ್ಟೆ. ಆ ದಿನದಿಂದ ಕಲಿತ ಪಾಠ ದೊಡ್ಡದೇನಲ್ಲ. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಮೊದಲು ಗಡಿಯಾರ ನೋಡಿ. ಲಗ್ನ, ಪಂಕ್ತಿ, ಮರ್ಯಾದೆ ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಹೊರಡಿ. ಕೇಳಿದವರಿಗೆ ನಿಜವಾದ ಗಂಟೆ ಹೇಳಿ. ಇದನ್ನು ತಿಳಿದುಕೊಳ್ಳಲು ನನಗೆ ಬೇರೊಬ್ಬನ ಅರ್ಧ ದೇಹ ಬೇಕಾಯಿತು.

ಹೋದ ತಿಂಗಳು ದಟ್ಟಗಳ್ಳಿಯಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಮುಂದೆ ಆಕೆಯನ್ನು ಕಂಡೆ. ತಲೆಯ ಮೇಲೆ ಮರಳಿನ ಬಾಂಡಲಿ. ನನ್ನನ್ನು ಗುರುತು ಹಿಡಿದು ನಿಂತಳು. ಇಳಿದು ಎರಡು ಮಾತು ಹೇಳಬಹುದಿತ್ತು. ಸ್ಕೂಟರ್ ತಿರುಗಿಸಿಕೊಂಡು ಬಂದುಬಿಟ್ಟೆ. ಇಷ್ಟು ಬರೆದರೂ ಹೋಗಿ ಎದುರು ನಿಲ್ಲುತ್ತೇನೆಂಬ ನಂಬಿಕೆ ನನಗೇ ಇಲ್ಲ. ಆ ದಿನ ಅಲ್ಲಿದ್ದವರಲ್ಲಿ ಸರಿಯಾದ ಗಂಟೆ ಹೇಳಿದವಳು ಆಕೆಯೊಬ್ಬಳೇ. ಹೆಸರು ಪುಟ್ಟತಾಯಮ್ಮ.