ಮೀನು ಮಾವ

ನಮ್ಮ ಪ್ರಯೋಗಾಲಯದ ತೊಟ್ಟಿಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಮೀನು ಮಾವ ಎನ್ನುತ್ತೇವೆ. ಸಿಹಿನೀರಿನ ಗೆಂಡೆ ಮೀನಿನ ಮೈಲೋಳೆಯಲ್ಲಿ ರೋಗಾಣುಗಳನ್ನು ಕೊಲ್ಲುವ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನುಗಳಿರುತ್ತವೆ. ಅವನ್ನು ಅಳೆಯುವುದೇ ನನ್ನ ಸಂಶೋಧನೆ. ಮೀನು ಬೆದರಿದರೆ ಅಳತೆ ಏರುಪೇರಾಗುತ್ತದೆ, ವರ್ಷಗಳ ದುಡಿಮೆ ನೀರುಪಾಲು. ಇದನ್ನು ಮಾವ ನನಗಿಂತ ಗಟ್ಟಿಯಾಗಿ ನಂಬಿದವರು. ತೊಟ್ಟಿಕೋಣೆಗೆ ನಿರ್ದೇಶಕರು ಬಂದರೂ, "ಬೂಟು ಆಚೆ ಬಿಡಿ ಸಾರ್, ನಿಮ್ಮ ಜೋರೆಲ್ಲ ಮೇಲಿನ ಮಹಡೀಲಿ ಇಟ್ಕೊಳ್ಳಿ" ಎನ್ನುತ್ತಾರೆ. ಕೆಮ್ಮು ಬಂದರೆ ಅಂಗಳಕ್ಕೆ ಓಡಿ ಕೆಮ್ಮಿ ಬರುತ್ತಾರೆ. ಸದ್ದಾಗದಿರಲೆಂದು ಬಕೆಟ್ಟಿನ ಹಿಡಿಗೆ ಬಟ್ಟೆ ಸುತ್ತಿದ್ದಾರೆ. ನಾನು ಒಣಗೈಯಲ್ಲಿ ಮೀನು ಹಿಡಿದ ದಿನ, "ಕೈ ಒದ್ದೆ ಮಾಡ್ಕೋ ತಾಯಿ, ಅದರ ಲೋಳೆ ಹೊದಿಕೆ ಕಿತ್ಕೊಂಡ್ರೆ ಅದೇನು ಹೊದ್ಕೋಬೇಕು?" ಎಂದು ಗದರಿದರು. ಅದೇ ಮೀನಿನ ಲೋಳೆಯನ್ನು ಮತ್ತೆ ಕೇಳಿದರೆ, "ಹದಿನೈದು ದಿನ ಬಿಟ್ಟು ಬಾ, ನಿನ್ನ ಡಿಗ್ರಿಗೆ ಅಂತ ಅದು ಹುಟ್ಟಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ನನಗೂ ಒಮ್ಮೊಮ್ಮೆ ರೇಗುತ್ತಿತ್ತು. ಪ್ರಬಂಧ ಸಲ್ಲಿಸಲು ಕಚೇರಿಗೆ ಹೋದಾಗ ಗುಮಾಸ್ತರು ಹೇಳಿದರು: "ನಿಮ್ಮ ಮಾವಂಗೆ ಹೋದ ವರ್ಷವೇ ಇಲ್ಲಿ ಕುರ್ಚಿ ಕೆಲಸಕ್ಕೆ ಬಡ್ತಿ ಬಂದಿತ್ತು. ಹೊಸಬರು ಬಂದ್ರೆ ಮೀನು ಬೆದರುತ್ತೆ, ಆ ಹುಡುಗಿ ಕೆಲಸ ಮುಗೀಲಿ ಅಂತ ಬೇಡ ಅಂದ್ಬಿಟ್ರು. ಆ ಕುರ್ಚಿ ಬೇರೆಯವರ ಪಾಲಾಯ್ತು." ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾವನ ಹೆಸರು ಎಲ್ಲರ ಕೊನೆಗಿತ್ತು. ಅಂದು ನಾನು ಸಲ್ಲಿಸಲಿಲ್ಲ. ಆ ಪುಟವನ್ನು ಹೊಸದಾಗಿ ಬರೆದು, ನನ್ನ ಮಾರ್ಗದರ್ಶಕರಿಗಿಂತ ಮೇಲೆ ಅವರನ್ನಿಟ್ಟೆ.